ಐದನೇ ಕೋಲು

ಒಂಬತ್ತಕ್ಕೆ ಇನ್ನೂ ಹನ್ನೆರಡು ನಿಮಿಷ ಇತ್ತು. ಕಚೇರಿಯ ಹಿಂದಿನ ಅಂಗಳದಲ್ಲಿ ಸ್ಥಳ ಪರಿಶೀಲಕರು ಜೀಪಿನ ಮೆಟ್ಟಿಲ ಮೇಲೆ ನಿಂತು ನಾಲ್ಕು ಅಲ್ಯೂಮಿನಿಯಂ ಕೋಲುಗಳನ್ನು ಅದರ ನೆತ್ತಿಗೆ ಕಟ್ಟುತ್ತಿದ್ದರು. ಕಟ್ಟಲು ಹಳೆಯ ಸೈಕಲ್ ಟ್ಯೂಬಿನ ಪಟ್ಟಿಗಳು. ದಾರಿಯ ಕುಲುಕಾಟಕ್ಕೆ ಹಗ್ಗ ಸಡಿಲವಾಗುತ್ತದೆ, ಟ್ಯೂಬು ಸಡಿಲವಾಗುವುದಿಲ್ಲ ಎನ್ನುವುದು ಅವರ ಇಪ್ಪತ್ತಾರು ವರ್ಷದ ಅನುಭವ. ಮೂರನೆಯ ಪಟ್ಟಿ ಬಿಗಿಯುವಾಗ ಗೇಟಿನಲ್ಲಿ ಒಬ್ಬ ಹೆಂಗಸು ಕಾಣಿಸಿದರು. ಕೈಯಲ್ಲಿ ನಾಲ್ಕಾಗಿ ಮಡಿಸಿದ ಕಾಗದ. ಪರಿಶೀಲಕರಿಗೆ ಗುರುತು ಸಿಕ್ಕಿತು. ಬಿಗಿದಾಗಿದ್ದ ಎರಡನೆಯ ಪಟ್ಟಿಯನ್ನು ಬಿಚ್ಚಿ ಮತ್ತೆ ಕಟ್ಟತೊಡಗಿದರು.

ಬಂದವರು ಕುರ್ಚಿಗಳಿಗೆ ಬೆತ್ತ ಹೆಣೆಯುವವರು. ಊರೆಲ್ಲ ಅವರನ್ನು ಬೆತ್ತದಕ್ಕ ಎಂದೇ ಕರೆಯುತ್ತದೆ.

"ನೀವೇ ಸಿಕ್ಕಿದ್ದು ಒಳ್ಳೇದಾಯ್ತು ಸಾರ್. ಒಳಗೆ ಕೊಟ್ರೆ ಯಾವ ಡ್ರಾಯರು ನುಂಗತ್ತೋ. ಆ ಅಂಚೆಯವನು ಮೋಸ ಮಾಡಿದಾನೆ. ನೀವು ನೆಟ್ಟ ಕೋಲು ದಾಟಿ ಕಟ್ಟಿದಾನೆ."

ಪರಿಶೀಲಕರು ಕೆಳಗಿಳಿದು ಕಾಗದ ತೆಗೆದುಕೊಂಡರು. ಬಿಡಿಸಿ ನೋಡಲಿಲ್ಲ.

"ಬಂದು ನೋಡ್ತೀನಮ್ಮಾ."

"ಬೇಗ ಬನ್ನಿ. ಮೂರೂಕಾಲಿಗೆಲ್ಲ ಕತ್ತಲೆ ಆಗ್ತಿದೆ ನನ್ ರೂಮು. ಎರಡು ದಿನಕ್ಕೆ ಒಂದು ಕುರ್ಚಿ ಮುಗಿಸ್ತಿದ್ದೆ, ಈಗ ನಾಲ್ಕು ದಿನ ಬೇಕು."

ಅವರು ಹೋದ ಮೇಲೂ ಪರಿಶೀಲಕರು ಅಲ್ಲೇ ನಿಂತಿದ್ದರು. ಸ್ಟಿಯರಿಂಗ್ ಹಿಂದೆ ಕುಳಿತಿದ್ದ ಡ್ರೈವರ್ ಕನ್ನಡಿಯಲ್ಲೇ ಎಲ್ಲ ನೋಡಿದ್ದ.

"ಹತ್ತಿ ಸಾರ್. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಹಾಗೆ ನಿಂತಿದೀರ."

ಒಂಬತ್ತು ವರ್ಷದಿಂದ ಇಬ್ಬರೂ ಒಂದೇ ಜೀಪಿನಲ್ಲಿ ತಿರುಗುತ್ತಿದ್ದಾರೆ. ಇಂಥ ಮಾತಿಗೆ ಪರಿಶೀಲಕರು ಏನಾದರೊಂದು ತಿರುಗಿಸಿ ಹೇಳುವುದು ವಾಡಿಕೆ. ಅಂದು ಕಾಗದವನ್ನು ಜೇಬಿಗೆ ಹಾಕಿ ಜೀಪು ಹತ್ತಿದರು.

ಅವರಿಗೆ ಐವತ್ತಮೂರು ವರ್ಷ. ಸಣ್ಣ ಮೈಕಟ್ಟು, ಬಿಸಿಲಿಗೆ ಕಂದಿದ ಕತ್ತು, ಅಂಗಿಯ ಜೇಬಿನಲ್ಲಿ ಸದಾ ಒಂದು ಅಳತೆ ಟೇಪು. ಹಳ್ಳಿಗಳಲ್ಲಿ ಯಾರಾದರೂ ಹೊಸ ಮನೆ ಕಟ್ಟಲು ಅರ್ಜಿ ಹಾಕಿದರೆ, ಜಾಗ ನೋಡಿ ಕಟ್ಟಬಹುದೋ ಬಾರದೋ ಎಂದು ಬರೆಯುವ ಕೆಲಸ ಅವರದು. ಅರ್ಜಿಯ ನಕಲು ಹದಿನೈದು ದಿನ ಸೂಚನಾ ಫಲಕದ ಮೇಲಿರುತ್ತದೆ. ಯಾರೂ ತಕರಾರು ಹೇಳದಿದ್ದರೆ, ಅಥವಾ ಹೇಳಿದವರು ವಾಪಸು ಪಡೆದರೆ, ಅವರು ಬರೆದದ್ದೇ ತೀರ್ಮಾನ. ಮೇಲಧಿಕಾರಿ ಸಹಿ ಹಾಕುತ್ತಾರೆ. ತಕರಾರು ಉಳಿದರೆ ಕಡತ ಐವರ ಸಮಿತಿಗೆ ಹೋಗಿ ತಿಂಗಳುಗಟ್ಟಲೆ ಮಲಗುತ್ತದೆ. ಸಾವಿರಕ್ಕೂ ಹೆಚ್ಚು ಮನೆಗಳ ಕಡತದಲ್ಲಿ ಅವರ ಕೈಬರಹ ಇದೆ. ಅವರು ಮಾತ್ರ ಬಾಡಿಗೆ ಮನೆಯಲ್ಲಿದ್ದಾರೆ. "ದೀಪದ ಬುಡದಲ್ಲಿ ಕತ್ತಲೆ" ಎಂದು ಹೆಂಡತಿ ವರ್ಷಕ್ಕೊಮ್ಮೆಯಾದರೂ, ಮನೆಯೊಡೆಯ ಬಂದು ಹೋದ ದಿನ, ಅನ್ನುವುದುಂಟು.

ಹಳ್ಳಿಯವರು ಅವರನ್ನು ಕೋಲು ಸಾಹೇಬರು ಎನ್ನುತ್ತಾರೆ. ಅದಕ್ಕೆ ಕಾರಣ ಅವರ ಕೆಲಸದ ರೀತಿ. ನಕ್ಷೆ ಓದಲು ಎಲ್ಲರಿಗೂ ಬರುವುದಿಲ್ಲ. ಆದ್ದರಿಂದ ಮನೆ ಏಳಬೇಕಾದ ಜಾಗದ ನಾಲ್ಕು ಮೂಲೆಗೆ ನಾಲ್ಕು ಕೋಲು ನೆಟ್ಟು, ಗೋಡೆ ಎಷ್ಟು ಎತ್ತರ ಬರುತ್ತದೋ ಅಲ್ಲಿಗೆ ಸುತ್ತ ಒಂದು ದಾರ ಎಳೆಯುತ್ತಾರೆ. ಅಕ್ಕಪಕ್ಕದವರು ತಮ್ಮ ತಮ್ಮ ಕಿಟಕಿಯಿಂದ ನೋಡಿ, ಇಷ್ಟು ಮರೆಯಾಗುತ್ತದೆ, ಇಷ್ಟು ಉಳಿಯುತ್ತದೆ ಎಂದು ಕಣ್ಣಾರೆ ತಿಳಿಯಬಹುದು. ಅರ್ಧ ಜಗಳ ಅಲ್ಲೇ ಕರಗುತ್ತದೆ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಅನ್ನುತ್ತಾರಲ್ಲ, ತಮ್ಮ ಕೋಲು ಇಪ್ಪತ್ತಾರು ವರ್ಷದಲ್ಲಿ ಒಮ್ಮೆಯೂ ಮುರಿದಿಲ್ಲ ಎಂದು ಅವರೇ ತಮಾಷೆ ಮಾಡುತ್ತಿದ್ದರು.

ಮಾಡು, ಅಂದರೆ ಛಾವಣಿ, ಇಳಿಜಾರಾಗಿರುವ ಮನೆಗೆ ಐದನೆಯದೊಂದು ಕೋಲು ಬೇಕು. ಅಂಥ ಮನೆಯ ಎರಡು ಬದಿಯಲ್ಲಿ ಗೋಡೆ ಮೂಲೆಯ ಎತ್ತರಕ್ಕೆ ನಿಲ್ಲುವುದಿಲ್ಲ. ನಡುವೆ ಮುಕ್ಕೋನವಾಗಿ ಮಾಡಿನ ತುದಿಯವರೆಗೆ ಏರುತ್ತದೆ. ಆ ತುದಿ ತೋರಿಸಲು ನಡುವೆ ಉದ್ದನೆಯ ಕೋಲು ನೆಡಬೇಕೆಂದು ನಿಯಮವೇ ಇದೆ. ಇಪ್ಪತ್ತನಾಲ್ಕು ಅಡಿಯ, ಹಳದಿ ಬಣ್ಣದ ಆ ಕೋಲು ಕಚೇರಿಯ ಹಿಂದಿನ ಗೋಡೆಗೆ ಒರಗಿದೆ. ಹಳೆಯ ಲಾರಿ ಇದ್ದಾಗ ಅದೂ ಹೋಗುತ್ತಿತ್ತು. ಒಂಬತ್ತು ವರ್ಷದ ಹಿಂದೆ ಲಾರಿ ಹೋಗಿ ಜೀಪು ಬಂದ ಮೇಲೆ ಅದನ್ನು ಸಾಗಿಸುವ ದಾರಿ ಇಲ್ಲ. ಹಾಗಾಗಿ ಪರಿಶೀಲಕರು ಒಂದು ಮಾತು ರೂಢಿ ಮಾಡಿಕೊಂಡಿದ್ದರು: "ಈ ದಾರ ಮೂಲೆ ಲೆಕ್ಕ ಅಷ್ಟೆ. ನಡುವೆ ಇನ್ನೂ ಇಷ್ಟು ಅಡಿ ಏರತ್ತೆ, ಮನಸ್ಸಲ್ಲಿ ಸೇರಿಸ್ಕೊಂಡು ನೋಡಿ." ಪ್ರತಿ ಮನೆಯಲ್ಲೂ ತಪ್ಪದೆ ಹೇಳುತ್ತಿದ್ದರು. ಕಚೇರಿಯಲ್ಲಿ ಇದು ಎಲ್ಲರಿಗೂ ಗೊತ್ತು. ಐದನೇ ಕೋಲು ಸಾಹೇಬರ ಬಾಯಲ್ಲಿದೆ ಎಂದು ಗುಮಾಸ್ತರು ನಗುತ್ತಿದ್ದರು.

ಅಂಚೆಯವನ ಅರ್ಜಿ ಬಂದದ್ದು ಈಗ್ಗೆ ಒಂದು ವರ್ಷದ ಹಿಂದೆ. ಅಂಚೆ ಕಚೇರಿಯ ಹಿಂದಿನ ಎರಡು ಕೋಣೆಯಲ್ಲಿ ಅವನು, ಹೆಂಡತಿ, ಐದು ವರ್ಷದ ಅವಳಿ ಹೆಣ್ಣುಮಕ್ಕಳು. ಆ ಕಟ್ಟಡ ಕೆಡವುತ್ತಾರೆಂದು ನೋಟಿಸು ಬಂದಿತ್ತು. ಬೆತ್ತದಕ್ಕನ ಮನೆಗೆ ಪಡುವಣಕ್ಕೆ ಇಪ್ಪತ್ತು ಅಡಿ ದೂರದಲ್ಲಿ ಅವನದೊಂದು ನಿವೇಶನ. ಅಲ್ಲಿ ಮನೆ ಕಟ್ಟಲು ಅನುಮತಿ ಕೇಳಿದ. ಮೂಲೆಯಲ್ಲಿ ಹನ್ನೆರಡು ಅಡಿ, ಮಾಡಿನ ತುದಿಗೆ ಇಪ್ಪತ್ತೊಂದು. ಎಲ್ಲವೂ ನಿಯಮದ ಒಳಗೇ.

ಬೆತ್ತದಕ್ಕ ತಕರಾರು ಹಾಕಿದರು. ಅವರು ಕೆಲಸ ಮಾಡುವ ಕೋಣೆಗೆ ಇರುವುದು ಒಂದೇ ಕಿಟಕಿ, ಅದೂ ಪಡುವಣಕ್ಕೆ. ಮಧ್ಯಾಹ್ನ ಒಂದು ಗಂಟೆಗೆ ಬಿಸಿಲು ಒಳಗೆ ಬಂದರೆ ಐದೂವರೆವರೆಗೆ ಇರುತ್ತದೆ. ಬೆತ್ತದ ಎಳೆಯಲ್ಲಿ ಕೂದಲಷ್ಟು ಸೀಳು ಇದ್ದರೂ ಪಕ್ಕದಿಂದ ಬೀಳುವ ಆ ಬಿಸಿಲಿನಲ್ಲಿ ಕಾಣುತ್ತದೆ. "ಬಲ್ಬಿನಲ್ಲಿ ಯಾಕಾಗಲ್ಲ?" ಎಂದು ಪರಿಶೀಲಕರು ಕೇಳಿದ್ದಕ್ಕೆ, "ಆಗತ್ತೆ ಸಾರ್. ಯಾರಾದ್ರೂ ಕೂತು, ಕುರ್ಚಿ ಪಟಕ್ ಅಂದ್ಮೇಲೆ ಸೀಳಿದ್ದು ಗೊತ್ತಾಗತ್ತೆ" ಎಂದಿದ್ದರು. ಗಂಡ ತೀರಿಕೊಂಡ ಮೇಲೆ ಹತ್ತೊಂಬತ್ತು ವರ್ಷದಿಂದ ಆ ಕಿಟಕಿಯ ಕೆಳಗೇ ಅವರ ಜೀವನ.

ಎಂಟು ತಿಂಗಳು ಹಗ್ಗಜಗ್ಗಾಟ ನಡೆಯಿತು. ಅಂಚೆಯವನು ಜಾಗ ಬದಲಿಸುವಂತಿರಲಿಲ್ಲ, ಬೆತ್ತದಕ್ಕ ಕಿಟಕಿ ಬದಲಿಸುವಂತಿರಲಿಲ್ಲ. ಕಚೇರಿಯಲ್ಲಿ ಆ ಕಡತ ಎಲ್ಲಕ್ಕಿಂತ ಹಳೆಯದಾಯಿತು. ಮೇಲಧಿಕಾರಿ ಮೇಡಂ ಸೋಮವಾರದ ಸಭೆಯಲ್ಲಿ ಅದನ್ನು "ನಮ್ಮ ತಾತ" ಎಂದು ಕರೆಯತೊಡಗಿದರು. "ತಾತ ಹೇಗಿದ್ದಾರೆ ಇವತ್ತು?" ಎಂದು ಎಲ್ಲರ ಎದುರು ಕೇಳುವರು.

ಒಂದು ಗುರುವಾರ ಪರಿಶೀಲಕರು ನಾಲ್ಕು ಕೋಲು ನೆಟ್ಟು ದಾರ ಎಳೆದರು. ನೆಟ್ಟು ಹೊರಡುವುದು ಅವರ ಪದ್ಧತಿ. ತಕರಾರಿನ ಮನೆಯಲ್ಲಿ ಒಂದು ಲೋಟ ನೀರನ್ನೂ ಕುಡಿದವರಲ್ಲ. ಅಂದು ಬೆತ್ತದಕ್ಕ ಬಿಡಲಿಲ್ಲ.

"ಬಿಸಿಲು ಯಾವಾಗ ದಾರ ಮುಟ್ಟತ್ತೋ ನೋಡೋಣ ಕೂತ್ಕೊಳ್ಳಿ. ನಾನೊಬ್ಳೇ ನೋಡಿ ಹೇಳಿದ್ರೆ ಸುಳ್ಳು ಅಂದೀರಿ."

ಅವರು ಕುಳಿತರು. ಹೆಣೆದು ಮುಗಿದಿದ್ದ ಕುರ್ಚಿಯನ್ನೇ ಕೊಟ್ಟಿದ್ದರು. ಕೋಣೆಯಲ್ಲಿ ನೆನೆಹಾಕಿದ ಬೆತ್ತದ ವಾಸನೆ. ಬೆತ್ತದಕ್ಕ ಹೆಣೆಯುತ್ತಲೇ ಮಾತನಾಡಿದರು, ನಡುವೆ ಎದ್ದು ಚಹಾ ಮಾಡಿ ತಂದರು, ಪರಿಶೀಲಕರು ಕುಡಿದರು. ಅಂಚೆಯವನೂ ಅವನ ಹೆಂಡತಿಯೂ ಬೇಲಿಯ ಆಚೆ ನಿಂತಿದ್ದರು. ಬಿಸಿಲು ದಾರ ಮುಟ್ಟಿದಾಗ ಗಡಿಯಾರದಲ್ಲಿ ನಾಲ್ಕೂವರೆ.

"ಇಷ್ಟೇನಾ?" ಎಂದರು ಬೆತ್ತದಕ್ಕ. "ಒಂದು ಗಂಟೆ ತಾನೆ ಹೋಗೋದು. ಇದಕ್ಕಾ ನಾನು ಎಂಟು ತಿಂಗಳು ಆ ಮಕ್ಕಳ ಮುಖ ನೋಡಲಿಲ್ಲ?"

ಬೇಲಿಯ ಹತ್ತಿರ ಹೋಗಿ, "ಏನಯ್ಯಾ, ಮೊದಲೇ ಹೀಗೆ ಅಂತ ಹೇಳೋಕೆ ನಿನ್ ಬಾಯಲ್ಲೇನು ಅಂಚೆ ಮುದ್ರೆ ಒತ್ತಿದ್ರಾ?" ಎಂದರು. ಅಂಚೆಯವನು, "ಹೇಳಿದ್ರೆ ಕೇಳ್ತಿದ್ರಾ ಅಕ್ಕಾ ನೀವು?" ಎಂದ. ಅವನ ಹೆಂಡತಿ ಅಳುತ್ತಿದ್ದಳು, ನಗುತ್ತಲೂ ಇದ್ದಳು. ತಕರಾರು ವಾಪಸು ಪಡೆಯುವ ಅರ್ಜಿಯನ್ನು ಪರಿಶೀಲಕರ ರಟ್ಟಿನ ಮೇಲೇ ಇಟ್ಟು ಬೆತ್ತದಕ್ಕ ಸಹಿ ಮಾಡಿದರು. ಸಹಿ ಮಾಡುವಾಗ ಮತ್ತೊಮ್ಮೆ ತಲೆಯೆತ್ತಿ ಕೇಳಿದರು.

"ಇಷ್ಟೇ ತಾನೆ ಸಾರ್ ಗೋಡೆ?"

"ಮೂಲೇಲಿ ಇಷ್ಟೇ," ಎಂದರು ಪರಿಶೀಲಕರು.

ಉಳಿದ ವಾಕ್ಯ ಹೊರಗೆ ಬರಲಿಲ್ಲ. ಮರೆತಿರಲಿಲ್ಲ. ನಡುವೆ ಇನ್ನೂ ಒಂಬತ್ತು ಅಡಿ, ಅದೂ ಸರಿಯಾಗಿ ಈ ಕಿಟಕಿಯ ಎದುರಿಗೆ ಎನ್ನುವುದು ನಾಲಿಗೆಯ ತುದಿಯಲ್ಲೇ ಇತ್ತು. ಹೇಳಿದರೆ ಪೆನ್ನು ನಿಲ್ಲುತ್ತದೆ. ಬೇಲಿಯ ಹತ್ತಿರದ ನಗು ನಿಲ್ಲುತ್ತದೆ. ಸೋಮವಾರ ತಾತ ಮತ್ತೆ ಸಭೆಗೆ ಬರುತ್ತಾನೆ. ಇವೆಲ್ಲ ಒಂದರ ಹಿಂದೊಂದು ಹೊಳೆದವು, ಅಷ್ಟರಲ್ಲಿ ಸಹಿ ಮುಗಿದಿತ್ತು.

ವಾಪಸು ಬರುವಾಗ ಡ್ರೈವರ್ ಕೇಳಿದ್ದ, "ಸಾರ್, ನಡುವಿಂದು ಹೇಳಿದ್ರಾ?"

"ಹೇಳೋಣ."

"ಯಾವಾಗ? ಮಾಡು ಏರಿಸಿದ ಮೇಲಾ?"

ಸೋಮವಾರ ಮೇಡಂ ಎಲ್ಲರಿಗೂ ಚಹಾ ತರಿಸಿದರು. ತಾತನನ್ನು ಕಳುಹಿಸಿಕೊಟ್ಟದ್ದಕ್ಕೆ ಗುಮಾಸ್ತರು ಚಪ್ಪಾಳೆ ತಟ್ಟಿದರು.

ಆಮೇಲಿನ ನಾಲ್ಕು ತಿಂಗಳಲ್ಲಿ ಪರಿಶೀಲಕರು ಆ ಹಳ್ಳಿಯ ಮೂಲಕ ಒಮ್ಮೆಯೂ ಹೋಗಲಿಲ್ಲ. ಆಚೆಯ ಊರುಗಳಿಗೆ ಆರು ಕಿಲೋಮೀಟರು ಬಳಸಿ ಹೋಗುತ್ತಿದ್ದರು. ಒಳ್ಳೆಯ ರಸ್ತೆ ಎಂಬ ಕಾರಣ ಕೊಟ್ಟಿದ್ದರು. ಆ ರಸ್ತೆಯ ಗುಂಡಿಗಳನ್ನು ಡ್ರೈವರ್ ಗಟ್ಟಿಯಾಗಿ ಎಣಿಸುತ್ತಿದ್ದ. ಬೇರೆ ಊರುಗಳಲ್ಲಿ ಕೋಲು ನೆಟ್ಟಾಗ ಅವರು ನಡುವಿನ ಎತ್ತರವನ್ನು ಎರಡೆರಡು ಸಲ, ಕೇಳದವರಿಗೂ, ಸಮತಟ್ಟು ಮಾಡಿನ ಮನೆಯವರಿಗೂ ಹೇಳತೊಡಗಿದರು.

ಬೆತ್ತದಕ್ಕನ ದೂರು ಕೈಗೆ ಬಂದ ದಿನ ಅದನ್ನು ಊಟದ ಬಿಡುವಿನಲ್ಲಿ ಓದಿದರು. ಒಂದೇ ಪುಟ. ಅಂಚೆಯವನು ನಕ್ಷೆ ತಿದ್ದಿಸಿದ್ದಾನೆ, ಕೋಲಿನ ಲೆಕ್ಕಕ್ಕಿಂತ ಒಂಬತ್ತು ಅಡಿ ಮೇಲೆ ಕಟ್ಟಿದ್ದಾನೆ, ತನ್ನನ್ನು ನಂಬಿಸಿ ಕತ್ತು ಕೊಯ್ದಿದ್ದಾನೆ. ಊರಿನ ಮೂವತ್ತು ಜನ ಕೆಳಗೆ ಸಹಿ ಹಾಕಿದ್ದರು. ಪರಿಶೀಲಕರ ಹೆಸರು ಎಲ್ಲೂ ಇರಲಿಲ್ಲ. ಒಂದು ಕಡೆ ಮಾತ್ರ, "ಕೋಲು ಸಾಹೇಬರು ನ್ಯಾಯವಾಗಿ ತೋರಿಸಿಕೊಟ್ಟಿದ್ದರೂ" ಎಂದಿತ್ತು.

ಮೇಡಂಗೆ ಅದು ದೊಡ್ಡ ವಿಷಯವಾಗಿ ಕಾಣಲಿಲ್ಲ.

"ಹೋಗಿ ಅಳೀರಿ. ಇಪ್ಪತ್ತೊಂದು ಅಡಿ ಇದ್ರೆ, ನಕ್ಷೆ ಪ್ರಕಾರ ಇದೆ, ದೂರು ವಜಾ. ಒಂದು ಸಾಲು."

"ನಡುವಿನ ಕೋಲು ನೆಟ್ಟಿರಲಿಲ್ಲ ಮೇಡಂ."

"ಒಂಬತ್ತು ವರ್ಷದಿಂದ ಎಲ್ಲಿ ನೆಟ್ಟಿದೀರಿ? ನಕ್ಷೆ ಫಲಕದ ಮೇಲಿತ್ತು, ಆಕೆ ನೋಡಬಹುದಿತ್ತು. ಬೀಸೋ ದೊಣ್ಣೆ ತಪ್ಪಿದ್ರೆ ಸಾವಿರ ವರ್ಷ ಆಯುಸ್ಸು ಅಂತಾರೆ. ನಿಮಗೆ ನಿವೃತ್ತಿಗೆ ಏಳು ವರ್ಷ ಇದೆ, ಅಷ್ಟು ಸಾಕಲ್ಲ."

ಸಂಜೆ ಬಟ್ಟೆ ಮಡಿಸುತ್ತಿದ್ದ ಹೆಂಡತಿಗೆ ಅವರು ಎಲ್ಲ ಹೇಳಿದರು. ಆಕೆ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತಾರೆ. ಕೊನೆಯವರೆಗೂ ಕೇಳಿದರು.

"ರೀ, ನಾನು ಮಾತ್ರೆ ಕೊಡುವಾಗ ದಿನಕ್ಕೆರಡು ಅಂತ ಹೇಳಿ, ಖಾಲಿ ಹೊಟ್ಟೇಲಿ ತಗೋಬೇಡಿ ಅನ್ನೋದು ನುಂಗಿಬಿಟ್ರೆ? ಚೀಟೀಲಿ ಬರೆದಿತ್ತಲ್ಲ ಅನ್ನಲಾ?"

"ನಾನು ಸುಳ್ಳು ಹೇಳಲಿಲ್ಲ."

"ಅದನ್ನೇ ಹೇಳ್ತಿದೀನಿ. ಸುಳ್ಳು ಹೇಳಿದ್ರೆ ಆಕೆ ಹಿಡೀತಿದ್ಳು." ಇನ್ನೊಂದು ಅಂಗಿ ಮಡಿಸುತ್ತ, "ಆ ಅಂಚೆಯವನ ಗತಿ ಏನು?" ಎಂದರು.

ಮನೆ ಎದ್ದ ಮೇಲೆ ಆ ಹಳ್ಳಿಯಲ್ಲಿ ಏನಾಗಿದೆ ಎಂದು ಪರಿಶೀಲಕರು ಕೇಳಿಯೇ ಇರಲಿಲ್ಲ.

ಮಾರನೆಯ ದಿನ ಅಳೆಯಲು ಹೋದಾಗ ತಿಳಿಯಿತು. ಟೇಪಿನ ಒಂದು ತುದಿ ಹಿಡಿದು ಏಣಿ ಹತ್ತಿದವನು ಅಂಚೆಯವನೇ. ಜನ ಈಗ ಕಾಗದ ತೆಗೆದುಕೊಳ್ಳುತ್ತಾರೆ, ಮಾತನಾಡುವುದಿಲ್ಲ ಎಂದ. ಬೆತ್ತದಕ್ಕ ತಮ್ಮ ಕಾಗದಗಳಿಗೆ ತಾವೇ ಪೇಟೆಗೆ ಹೋಗುತ್ತಾರೆ. ಶಾಲೆಯಲ್ಲಿ ಅವಳಿಗಳನ್ನು ಯಾರೋ "ಕಳ್ಳಮಾಡಿನವರು" ಎಂದು ಕರೆದಿದ್ದಾರೆ.

"ಒಂದಂಗುಲ ಜಾಸ್ತಿ ಇದ್ರೆ ನಾನೇ ಒಡೆದುಹಾಕ್ತೀನಿ ಸಾರ್. ನಕ್ಷೆ ಹಿಡ್ಕೊಂಡು ಮನೆ ಮನೆಗೆ ಹೋದೆ. ಅದನ್ನೇ ತಿದ್ದಿಸಿದೀಯ ಅಂತಾರೆ. ನೀವು ಬರೆದುಕೊಟ್ರೆ ನಂಬ್ತಾರೆ. ನಿಮ್ ಮಾತಂದ್ರೆ ಊರಿಗೆ ನಂಬಿಕೆ."

ಇಪ್ಪತ್ತೊಂದು ಅಡಿ. ಕೂದಲೆಳೆಯಷ್ಟೂ ಹೆಚ್ಚಿಲ್ಲ. ಪರಿಶೀಲಕರು ಪುಸ್ತಕದಲ್ಲಿ ಬರೆದುಕೊಂಡರು. ನಕ್ಷೆ ಪ್ರಕಾರ ಇದೆ ಎಂದು ಒಂದು ಸಾಲು ಬರೆದರೆ ಊರು ಏನು ಓದಿಕೊಳ್ಳುತ್ತದೆ ಎನ್ನುವುದು ಅವರಿಗೆ ಸ್ಪಷ್ಟವಾಗಿ ಗೊತ್ತಿತ್ತು: ಅಂಚೆಯವನು ಕಚೇರಿಯನ್ನೂ ಕೊಂಡುಕೊಂಡ. ಟೇಪು ಸುತ್ತಿ ಜೇಬಿಗೆ ಹಾಕಿ, ಬೇಲಿ ದಾಟಿ ಬೆತ್ತದಕ್ಕನ ಬಾಗಿಲಿಗೆ ಹೋದರು. ಸಮಯ ಮೂರೂವರೆ. ಕೋಣೆಯಲ್ಲಿ ಬಲ್ಬು ಉರಿಯುತ್ತಿತ್ತು. ಬೆತ್ತದಕ್ಕ ಎಳೆಯೊಂದನ್ನು ಉಗುರಿನಿಂದ ಸವರಿ ಸೀಳು ಹುಡುಕುತ್ತಿದ್ದರು.

"ಅಳೆದ್ರಾ? ಎಷ್ಟು ಜಾಸ್ತಿ ಇದೆ?"

"ಜಾಸ್ತಿ ಇಲ್ಲಮ್ಮಾ. ಮೊದಲಿಂದಲೂ ಇಪ್ಪತ್ತೊಂದೇ. ನಡುವೆ ಇನ್ನೊಂದು ಕೋಲು ನೆಡಬೇಕಿತ್ತು, ನಾನು ನೆಡಲಿಲ್ಲ. ಬಾಯಲ್ಲಾದ್ರೂ ಹೇಳಬೇಕಿತ್ತು. ಹೇಳಲಿಲ್ಲ. ಅವನ ತಪ್ಪು ಏನೂ ಇಲ್ಲ."

ಬೆತ್ತದಕ್ಕ ಎಳೆಯನ್ನು ನೀರಿನ ಬೋಗುಣಿಗೆ ಹಾಕಿದರು.

"ಅವತ್ತು ಮಧ್ಯಾಹ್ನ ಪೂರ್ತಿ ಇಲ್ಲೇ ಕೂತಿದ್ರಿ."

"ಹೌದು."

"ಗಡಿಯಾರ ನೋಡಿದ್ರಿ ನನ್ ಜೊತೆ."

"ಹೌದು."

"ಆಗ ಗೊತ್ತಿತ್ತಾ?"

"ಗೊತ್ತಿತ್ತು."

ಮುಂದಿನ ಬೈಗುಳಕ್ಕೆ ಪರಿಶೀಲಕರು ಸಿದ್ಧರಾಗಿದ್ದರು. ಬೈಗುಳ ಬರಲಿಲ್ಲ. ಬೆತ್ತದಕ್ಕ ಸೆರಗಿನಿಂದ ಕೈ ಒರೆಸಿಕೊಂಡು ಕಿಟಕಿಯ ಕಡೆಗೆ ನೋಡಿದರು. ಅಲ್ಲಿ ಈಗ ಕಾಣುವುದು ಹೊಸ ಇಟ್ಟಿಗೆ ಮಾತ್ರ.

"ಬಿಸಿಲು ಹೋದದ್ದು ಹೋಗ್ಲಿ. ಆ ಹುಡುಗನಿಗೆ ನಾನು ಆಡಬಾರದ್ದೆಲ್ಲ ಆಡಿದೀನಿ ಸಾರ್. ಅವನ ಮಕ್ಕಳ ಎದುರಿಗೇ. ಮೂವತ್ತು ಜನರ ಮನೆಗೆ ಹೋಗಿ ಸಹಿ ಹಾಕಿಸಿದೀನಿ. ಅದನ್ನ ಯಾರು ವಾಪಸ್ ತಗೋತಾರೆ? ನೀವಾ?"

ಪರಿಶೀಲಕರು ಜೇಬಿನಿಂದ ದೂರಿನ ಕಾಗದ ತೆಗೆದರು.

"ಬಾಯಲ್ಲಿ ಹೇಳೋದು, ಬಿಡೋದು ಎಲ್ಲ ಆಯ್ತು. ಬರೆದುಕೊಡಿ."

ಪರಿಶೀಲಕರು ಅವರದೇ ದೂರಿನ ಹಿಂಬದಿಯಲ್ಲಿ ಬರೆದರು. ಕೋಲು ನೆಡದಿದ್ದದ್ದು, ಗೊತ್ತಿದ್ದೂ ಹೇಳದಿದ್ದದ್ದು, ಮನೆ ನಕ್ಷೆಯಂತೆಯೇ ಇರುವುದು. ಏಳು ಸಾಲು. ಕೆಳಗೆ ಸಹಿ, ತಾರೀಕು, ಹುದ್ದೆ. ಒಂದು ಪ್ರತಿ ಕಡತಕ್ಕೆ ಬೇಕೆಂದು ಇನ್ನೊಮ್ಮೆ ಬರೆದರು. ಬೆತ್ತದಕ್ಕ ಎರಡನ್ನೂ ಅಕ್ಕಪಕ್ಕ ಇಟ್ಟು ಅಕ್ಷರ ಅಕ್ಷರ ಹೋಲಿಸಿ ನೋಡಿ, ಒಂದನ್ನು ಇಟ್ಟುಕೊಂಡರು. ಚಪ್ಪಲಿ ಮೆಟ್ಟಿ ಬೇಲಿಯ ಆಚೆಗೆ ಹೋದರು. ಬನ್ನಿ ಎಂದು ಕರೆಯಲಿಲ್ಲ. ಜೀಪಿನಲ್ಲಿ ಕುಳಿತವರಿಗೆ ಕಾಣಿಸಿದ್ದು ಇಷ್ಟು: ಬೆತ್ತದಕ್ಕ ಕಾಗದ ಮುಂದೆ ಹಿಡಿದರು; ಅಂಚೆಯವನು ಓದಿದ; ತಲೆಯೆತ್ತಿ ಜೀಪಿನ ಕಡೆಗೆ ನೋಡಿದ.

"ಹೊರಡಲಾ ಸಾರ್?" ಎಂದ ಡ್ರೈವರ್. ಗೇರು ಹಾಕುವ ಮೊದಲು ಸ್ವಲ್ಪ ಕಾದ. ಪರಿಶೀಲಕರು ಇಳಿಯಲಿಲ್ಲ.

ಕಡತದ ಪ್ರತಿ ಓದಿ ಮೇಡಂ ಅಂದದ್ದು ಒಂದೇ ಮಾತು: "ನಾನು ಒಂದು ಸಾಲು ಕೇಳಿದ್ದೆ." ಇಲಾಖಾ ವಿಚಾರಣೆ ಮುಗಿಯುವವರೆಗೆ ಪರಿಶೀಲಕರು ಸ್ಥಳಕ್ಕೆ ಹೋಗುವಂತಿಲ್ಲ. ಹಳೆಯ ಕಡತಗಳಿಗೆ ಪುಟಸಂಖ್ಯೆ ಹಾಕುವ ಮೇಜಿಗೆ ಕೂರಿಸಿದ್ದಾರೆ. ಅಲ್ಲಿ ಅವರು ಇಳಿಜಾರು ಮಾಡಿನ ಮನೆಗಳ ಕಡತಗಳನ್ನು ಬೇರೆಯಾಗಿ ಎತ್ತಿಡುತ್ತಿದ್ದಾರೆ. ಒಂಬತ್ತು ವರ್ಷದ್ದು ಇಲ್ಲಿಯವರೆಗೆ ಇನ್ನೂರ ಹದಿನಾಲ್ಕು ಸಿಕ್ಕಿವೆ. ಅವುಗಳಲ್ಲಿ ಎಷ್ಟು ಮನೆಗಳ ಪಕ್ಕದವರಿಗೆ ತಾವು ಹೇಳಿದ್ದು ಸರಿಯಾಗಿ ಅರ್ಥವಾಗಿತ್ತೋ ಎನ್ನುವುದು ಅವರಿಗೆ ಈಗ ಖಾತ್ರಿಯಿಲ್ಲ.

ಕಿಟಕಿಯ ಎದುರಿನ ಮುಕ್ಕೋನದ ಗೋಡೆಯನ್ನು ಕೆಡವಿ, ಆ ಬದಿಗೂ ಮಾಡನ್ನು ಇಳಿಜಾರಾಗಿ ತಂದರೆ ಬಿಸಿಲು ಮತ್ತೆ ನಾಲ್ಕು ಗಂಟೆಯವರೆಗೆ ಸಿಗುತ್ತದೆ ಎಂದು ಹೊಸದಾಗಿ ಬಂದ ಪರಿಶೀಲಕಿ ವರದಿ ಕೊಟ್ಟಿದ್ದಾಳೆ. ಹಾಗೆ ಮಾಡಿದರೆ ಅಟ್ಟದ ಮೇಲಿನ ಅವಳಿಗಳ ಕೋಣೆ ಹೋಗುತ್ತದೆ. ಮನೆ ನಿಯಮದಂತೆಯೇ ಇರುವುದರಿಂದ ಅಂಚೆಯವನನ್ನು ಒತ್ತಾಯಿಸುವಂತಿಲ್ಲ, ಕೇಳಬಹುದು ಅಷ್ಟೆ. ಅವನ ಸಂಸಾರ ಕಳೆದ ಶನಿವಾರ ಅಲ್ಲಿಗೆ ಬಂದಿಳಿದಿದೆ. ಸಾಮಾನು ಇಳಿಸಲು ಬೆತ್ತದಕ್ಕನೂ ಹೋಗಿದ್ದರು. ಐವರ ಸಮಿತಿ ಮುಂದಿನ ತಿಂಗಳ ಎರಡನೇ ಬುಧವಾರ ಹನ್ನೊಂದು ಗಂಟೆಗೆ ಸೇರಿ ಅಂಚೆಯವನ ಉತ್ತರ ಕೇಳುತ್ತದೆ.